ಮೀಡಿಯಂ ಸರಿ ಉಂಟು, ಡಿಶ್ಶೇ ಸಮಸ್ಯೆ

ಮೀಡಿಯಂ (ಸೆಲ್ ಬೆಳೆಸುವ ಪೋಷಕ ದ್ರವ) ಎಲ್ಲಾ ಸರಿಯಿದ್ರೂ ಲ್ಯಾಬಿನ ಪ್ಲಾಸ್ಟಿಕ್ ಡಿಶ್ಶಲ್ಲಿ ಸೆಲ್, ಅಂದ್ರೆ ಜೀವಕೋಶ, ದೇಹದಲ್ಲಿದ್ದ ಹಾಗೆ ಯಾಕೆ ಇರೂದಿಲ್ಲ ಅಂತ ಕೇಳಿದ್ರಲ್ಲ, ಮೀಡಿಯಂ ಮಾತ್ರ ಅಲ್ಲ ಮಾರಾಯ್ರೆ, ಅಡಿ ಎಷ್ಟು ಗಟ್ಟಿ ಅಂತಲೂ ಸೆಲ್ ನೋಡ್ತದೆ. ಸೆಲ್ಲಿನ ಮೈಮೇಲಿರುವ ಇಂಟೆಗ್ರಿನ್ ಎಂಬ ಪ್ರೊಟೀನಿನಲ್ಲಿ ಅಡಿಯನ್ನು ಹಿಡ್ಕೊಂಡು, ಒಳಗಿಂದ ಮಯೋಸಿನ್ ಎಂಬ ಎಳೆಯುವ ಪ್ರೊಟೀನು ಜಗ್ಗಿ ನೋಡೂದು, ನಮ್ಮ ಬದಿಯಡ್ಕ ಕಡೆ ಬೊಂಡ (ಎಳನೀರು) ಕೆತ್ತಿ ಒಳಗಿನ ಗಂಜಿ (ತಿರುಳು) ಬಲಿತಿದಾ ಅಂತ ಬೆರಳಲ್ಲಿ ಒತ್ತಿ ನೋಡ್ತೇವಲ್ಲ, ಹಾಗೇ. 2006ರಲ್ಲಿ ಎಂಗ್ಲರ್, ಡಿಶರ್ ಎಂಬ ವಿಜ್ಞಾನಿಗಳು ಮತ್ತೆ ಅವರ ಟೀಮು ಒಂದೇ ಥರದ ಸ್ಟೆಮ್ ಸೆಲ್ಲನ್ನು (ಬೇರೆ ಬೇರೆ ಬಗೆಯ ಸೆಲ್ ಆಗಬಲ್ಲ ಮೂಲ ಸೆಲ್) ಬೇರೆ ಬೇರೆ ಗಟ್ಟಿತನದ ಜೆಲ್ ಮೇಲೆ ಇಟ್ರು, 1 ಕಿಲೋಪಾಸ್ಕಲ್ (ಗಟ್ಟಿತನದ ಅಳತೆ) ಆಸುಪಾಸಿನ ಮೆತ್ತನೆ ಜೆಲ್ಲಲ್ಲಿ ನರದ ಸೆಲ್ ಹಾಗೆ ಕವಲು ಬಿಟ್ಟಿತು, 10ರ ಹತ್ತಿರ ಸ್ನಾಯುವಿನ ಕಡೆ, 30 ದಾಟಿದ್ರೆ ಎಲುಬಿನ ಕಡೆ. ಮಯೋಸಿನ್ ಬಂದ್ ಮಾಡಿದ್ರೆ ಈ ಆಟ ನಿಂತೇ ಹೋಗ್ತದೆ! ನಿಮ್ಮ ಪ್ಲಾಸ್ಟಿಕ್ಕೋ, ಮೆದುಳಿಗಿಂತ ಲಕ್ಷಗಟ್ಟಲೆ ಪಾಲು ಗಟ್ಟಿ. ಜೆಲ್ ಕೋಟಿಂಗ್ ಇರುವ ಡಿಶ್ ಸಿಕ್ಕಿದ್ರೆ ಒಮ್ಮೆ ಹಾಕಿ ನೋಡಿ.