ಕೊನೆಗಾಲದ ಹಾಸಿಗೆ ಸುತ್ತ ನೆಂಟರು, ಗೆಳೆಯರು: ಬಿಡುವುದೆಷ್ಟು, ತಡೆಯುವುದೆಷ್ಟು?

ಪ್ರಶ್ನೆ: ನಮ್ಮದು ಮಧುಗಿರಿ ಹತ್ತಿರದ ಹಳ್ಳಿ. ತಂದೆಗೆ 74 ವರ್ಷ, ಶ್ವಾಸಕೋಶದ ಕ್ಯಾನ್ಸರ್. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದಾರೆ. ನೋವಿಗೆ ಮಾರ್ಫಿನ್ ಮಾತ್ರೆ ಕೊಡುತ್ತಿದ್ದೇವೆ. ಅವರ ಜೊತೆ ಪೌರಾಣಿಕ ನಾಟಕ ಆಡಿದ ಗೆಳೆಯರು, ನೆಂಟರು ದಿನವಿಡೀ ಬರುತ್ತಾರೆ. ಬಂದವರೆಲ್ಲ ಎಳನೀರು ಕುಡಿಸಲು ನೋಡುತ್ತಾರೆ, ಗ್ಲೂಕೋಸ್ ಹಾಕಿಸಿ ಎನ್ನುತ್ತಾರೆ. ಜನರನ್ನು ತಡೆಯಬೇಕೇ?

ಉತ್ತರ: ಜನರನ್ನು ತಡೆಯಬೇಡಿ, ಅವರ ಕೈಯಲ್ಲಿರುವ ಲೋಟ ತಡೆಯಿರಿ. ಈ ಹಂತದಲ್ಲಿ ಹಸಿವು, ಬಾಯಾರಿಕೆ ತಾನಾಗಿ ತಗ್ಗುತ್ತದೆ, ನುಂಗುವ ಶಕ್ತಿಯೂ ಕುಂದುತ್ತದೆ. ಮಂಪರಿನಲ್ಲಿದ್ದಾಗ ಬಾಯಿಗೆ ಹಾಕಿದ ನೀರು ಶ್ವಾಸನಾಳಕ್ಕೆ ಇಳಿದರೆ ಕೆಮ್ಮು, ಉಬ್ಬಸ. ಗ್ಲೂಕೋಸ್ ಬಾಟಲಿಯಿಂದ ಸಾಮಾನ್ಯವಾಗಿ ಆಯಸ್ಸು ಹೆಚ್ಚುವುದಿಲ್ಲ. ಕೈಕಾಲು ಊದಿ, ಎದೆಯಲ್ಲಿ ನೀರು ತುಂಬುವ ಅಪಾಯವೇ ಜಾಸ್ತಿ. ಎಚ್ಚರವಿದ್ದು ಅವರೇ ಕೇಳಿದರೆ ತಲೆದಿಂಬು ಎತ್ತರಿಸಿ, ಅರ್ಧ ಚಮಚ ಕೊಡಿ. ಗಂಟಲು ಅಲುಗಿ ನುಂಗಿದ್ದು ಖಚಿತವಾದ ಮೇಲೆ ಇನ್ನರ್ಧ.

ಏನಾದರೂ ಮಾಡಲೇಬೇಕು ಎಂದು ಚಡಪಡಿಸುವವರಿಗೆ ಬಾಯಿಯ ಆರೈಕೆ ಒಪ್ಪಿಸಿ: ಶುದ್ಧ ಹತ್ತಿ ಬಟ್ಟೆ ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಗಂಟೆಗೊಮ್ಮೆ ತುಟಿ, ಒಸಡು, ನಾಲಿಗೆ ಒರೆಸುವುದು. ತುಟಿಗೆ ವ್ಯಾಸಲೀನ್. ತೀರ್ಥ ಬಿಡುವ ಪದ್ಧತಿಯಿದ್ದರೆ ತುಳಸಿ ಎಲೆ ಅದ್ದಿ ತುಟಿಗೆ ಮುಟ್ಟಿಸಿದರೆ ಸಾಕು.

ಮಾಮೂಲಿ ಮಾರ್ಫಿನ್ ಮಾತ್ರೆ ಹಿಡಿಯಲು ಅರ್ಧ-ಮುಕ್ಕಾಲು ಗಂಟೆ ಬೇಕು. ಭೇಟಿ, ಮಗ್ಗುಲು ಬದಲಿಸುವುದು ಎಲ್ಲ ಅದಾದ ಮೇಲಿರಲಿ. ಸಲಕ್ಕೆ ಇಬ್ಬರು, ಹತ್ತು ನಿಮಿಷ. ತಂದೆಯ ಮುಖ ಯಾವ ಕಡೆಗಿದೆಯೋ ಅಲ್ಲೇ ಕೂರಲಿ. ‘ನಾನ್ಯಾರು ಹೇಳು ನೋಡೋಣ’ ಎಂಬ ಪರೀಕ್ಷೆ ಮಾತ್ರ ಬೇಡ; ನಮ್ಮಲ್ಲಿ ಇದು ಕೆಟ್ಟ ಚಾಳಿ. ಬಂದವರೇ ಹೆಸರು ಹೇಳಿ ಕೈ ಹಿಡಿಯಲಿ. ಕಣ್ಣು ಮುಚ್ಚಿದ್ದರೂ ಕಿವಿ ಕೇಳುತ್ತಿರಬಹುದು. ಹಾಗಾಗಿ ಹಳೇ ರಂಗಗೀತೆ ಮೆಲ್ಲಗೆ ಹಾಡಲಿ, ಜಮೀನಿನ ಪಾಲು, ತಿಥಿ ಖರ್ಚಿನ ಮಾತು ಹೊರಗೆ ಜಗಲಿಯಲ್ಲಿ ಆಗಲಿ.

ಮುಂದೆ ಗಂಟಲಲ್ಲಿ ಗೊರಗೊರ ಸದ್ದು ಬರಬಹುದು. ಬೆರಳು, ಬಟ್ಟೆ ತುರುಕಬೇಡಿ. ಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ದಿಂಬು ಕೊಡಿ. ಸದ್ದು ಕೇಳುವವರಿಗಾಗುವ ಸಂಕಟ ಸಾಮಾನ್ಯವಾಗಿ ಅವರಿಗಿರುವುದಿಲ್ಲ. ಉಸಿರು ಕೆಲ ಸೆಕೆಂಡು ನಿಂತು ಮತ್ತೆ ಶುರುವಾಗುವುದೂ ಉಂಟು. ಇದನ್ನು ಮನೆಯವರಿಗೆ ಈಗಲೇ ಹೇಳಿಡಿ, ಇಲ್ಲದಿದ್ದರೆ ನಡುರಾತ್ರಿ ಗಾಬರಿಯಲ್ಲಿ ಆಂಬುಲೆನ್ಸ್ ಕರೆಯುತ್ತಾರೆ. ಪಾದ ತಣ್ಣಗಾದರೆ ಕಂಬಳಿ ಹೊದಿಸಿ. ಬಿಸಿನೀರಿನ ಚೀಲ ಇಟ್ಟರೆ ಚರ್ಮ ಸುಡುತ್ತದೆ, ಅವರಿಗೆ ಗೊತ್ತೂ ಆಗುವುದಿಲ್ಲ.

ಮಾತ್ರೆ ನುಂಗಲಾಗದ ದಿನ ಬರುತ್ತದೆ. ಆಗ ನೋವಿನ ಔಷಧಿ ನಿಲ್ಲಬಾರದು. ಚರ್ಮದಡಿ ಕೊಡುವ ಇಂಜೆಕ್ಷನ್ ಯಾರು ಹಾಕುತ್ತಾರೆ, ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂದು ವೈದ್ಯರನ್ನು ಇವತ್ತೇ ಕೇಳಿಟ್ಟುಕೊಳ್ಳಿ.