ಸಂಘದ ಲೈಬ್ರರಿಗೆ ಸಾಫ್ಟ್‌ವೇರ್ ತಗೊಳ್ಳುವ ಮೊದಲು ಇದನ್ನು ಓದಿ

ಕೊಡಗಿನ ನಾಪೋಕ್ಲು ಕಡೆಯ ಅಣ್ಣನ ಪ್ರಶ್ನೆಗೆ ಉತ್ತರ ಇದು. ಉದ್ದ ಆಗುತ್ತದೆ, ಕಾಫಿ ಲೋಟ ಪಕ್ಕದಲ್ಲಿ ಇಟ್ಟುಕೊಳ್ಳಿ. ಅವರು ಕೇಳಿದ್ದು ಇಷ್ಟು: ಬೆಳೆಗಾರರ ಸಂಘದ ಕಟ್ಟಡದಲ್ಲಿ ಸುಮಾರು 1,800 ಪುಸ್ತಕ ಇದೆ, ಒಬ್ಬರು ಬಂದು 45,000 ರೂಪಾಯಿಗೆ ಲೈಬ್ರರಿ ಸಾಫ್ಟ್‌ವೇರ್ ಹಾಕಿಕೊಡುತ್ತೇವೆ, ವರ್ಷಕ್ಕೆ ಬೇರೆ ಸರ್ವಿಸ್ ಚಾರ್ಜು ಅನ್ನುತ್ತಿದ್ದಾರೆ, ಇನ್ನೊಬ್ಬರು ಕೋಹಾ ಅನ್ನುವ ಲೈಬ್ರರಿ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ ಅನ್ನುತ್ತಾರೆ, ನೀವು ಹೋದ ತಿಂಗಳು ಅದರ ಸಮ್ಮೇಳನಕ್ಕೇ ಹೋಗಿದ್ದಿರಲ್ಲ, ಏನು ಮಾಡೋಣ?

ಹೌದು, ಹೋಗಿದ್ದೆ. ಮಡಿಕೇರಿಯಲ್ಲಿ ರಾತ್ರಿ ಬಸ್ಸು ಹತ್ತಿ ಬೆಂಗಳೂರು, ಎರಡು ದಿನದ ಬಳಕೆದಾರರ ಸಮ್ಮೇಳನ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ನಾನು ಒಂದು ಕಾಲೇಜಿನ ಲೈಬ್ರರಿಯಲ್ಲಿ ಇದ್ದೇನೆ, ಆರು ವರ್ಷದಿಂದ ಕೋಹಾದಲ್ಲೇ ಕೆಲಸ. ಮೊದಲ ದಿನ ಹನ್ನೆರಡು ಗಂಟೆ ತನಕ ನಾನು ಕಲಿತದ್ದು ಏನೂ ಇಲ್ಲ. ದೀಪ ಹಚ್ಚಿದರು, ಶಾಲು ಹೊದಿಸಿದರು, ಏಲಕ್ಕಿ ಹಾರ ಹಾಕಿದರು, ಆಮೇಲೆ ಡಿಜಿಟಲ್ ಯುಗದಲ್ಲಿ ಗ್ರಂಥಾಲಯ ಅಂತ ಮೂರು ಜನ ಒಂದೇ ಭಾಷಣ ಮಾಡಿದರು. ಏಲಕ್ಕಿ ಮಾತ್ರ ಚೆನ್ನಾಗಿತ್ತು.

ಒಂದು ವಿಷಯ ಅಲ್ಲಿ ಹೇಳಿದ್ದು ಮನಸ್ಸಲ್ಲಿ ಉಳಿದಿದೆ. ಈ ಕೋಹಾ ಹುಟ್ಟಿದ್ದು ನ್ಯೂಜಿಲೆಂಡಿನ ಹೊರೋಫೆನುವಾ ಅನ್ನುವ ಜಿಲ್ಲೆಯ ಸಾರ್ವಜನಿಕ ಲೈಬ್ರರಿಗಳಲ್ಲಿ. ದೊಡ್ಡ ಊರೇನಲ್ಲ. 1999ರಲ್ಲಿ ಅವರ ಹಳೇ ಸಾಫ್ಟ್‌ವೇರ್ 2000ದ ಇಸವಿಯನ್ನು ತಡೆದುಕೊಳ್ಳುವುದಿಲ್ಲ ಅಂತ ಗೊತ್ತಾಯಿತು, ಹೊಸದಕ್ಕೆ ದುಡ್ಡು ಸಾಲದು, ಕಟಿಪೊ ಅನ್ನುವ ಸಣ್ಣ ಕಂಪನಿ ಹತ್ತಿರ ಬರೆಸಿಕೊಂಡರು, 2000ದ ಜನವರಿಯಲ್ಲಿ ಶುರು ಮಾಡಿದರು, ಆಮೇಲೆ ಯಾರು ಬೇಕಾದರೂ ಬಳಸಿ ಅಂತ ಬಿಟ್ಟುಕೊಟ್ಟರು. ಕೋಹಾ ಅಂದರೆ ಮಾವೊರಿ ಭಾಷೆಯಲ್ಲಿ ಉಡುಗೊರೆ. ಸುಮ್ನೆ ಇಟ್ಟುಕೊಳ್ಳುವ ಉಡುಗೊರೆ ಅಲ್ಲ, ಮುಂದೆ ನೀವೂ ಏನಾದರೂ ಕೊಡುತ್ತೀರಿ ಅನ್ನುವ ಲೆಕ್ಕ ಅದರಲ್ಲಿದೆ. ನಮ್ಮ ಮುಯ್ಯಿ ಇದ್ದ ಹಾಗೆ. ಗದ್ದೆಗೆ ಮುಯ್ಯಾಳು ಕಳಿಸಿದ ಹಾಗೆ ಅಂದರೆ ಇಲ್ಲಿರುವವರಿಗೆ ಬೇಗ ಅರ್ಥ ಆಗುತ್ತದೆ ಅಲ್ವಾ? ಹಾಗಾಗಿ ಪುಕ್ಕಟೆ ಅನ್ನುವ ಮಾತು ಅರ್ಧ ನಿಜ. ಸಾಫ್ಟ್‌ವೇರಿಗೆ ದುಡ್ಡಿಲ್ಲ, ಆದರೆ ಆಳು ನೀವೇ ಆಗಬೇಕು.

ನಿಜವಾದ ಸಮ್ಮೇಳನ ನಡೆದದ್ದು ಟೀ ಹೊತ್ತಿನಲ್ಲಿ, ಜಗಲಿಯಲ್ಲಿ. ಉತ್ತರ ಕರ್ನಾಟಕದ ಕಡೆಯ ಒಬ್ಬ ಅಮ್ಮ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಕೂತಿದ್ದರು. ಒಂಬತ್ತು ಸಾವಿರ ಕನ್ನಡ ಪುಸ್ತಕ ಒಬ್ಬರೇ ಟೈಪ್ ಮಾಡಿದ್ದಾರೆ. ಆದರೆ ಹುಡುಕಿದರೆ ಅರ್ಧ ಸಿಗುವುದಿಲ್ಲ. ಪುಸ್ತಕ ಕಣ್ಣೆದುರು ಇದೆ, ರೆಕಾರ್ಡ್ ನಂಬರ್ ಹಾಕಿದರೆ ಬರುತ್ತದೆ, ಹೆಸರು ಹಾಕಿದರೆ ಇಲ್ಲ ಅನ್ನುತ್ತದೆ. ಸುತ್ತ ಏಳೆಂಟು ಜನ ಸೇರಿಬಿಟ್ಟೆವು, ಒಳಗೆ ಮುಂದಿನ ಭಾಷಣ ಶುರು ಆದದ್ದೂ ಗೊತ್ತಾಗಲಿಲ್ಲ.

ಕಾರಣ ಇದು. ಕೋಹಾ ಹುಡುಕುವುದಕ್ಕೆ ಜೀಬ್ರಾ ಅನ್ನುವ ಇನ್ನೊಂದು ಪ್ರೋಗ್ರಾಮ್ ಬಳಸುತ್ತದೆ. ಅದಕ್ಕೆ ಅಕ್ಷರ ಗುರುತಿಸಲು ಎರಡು ದಾರಿ ಇವೆ. ಹಳೆಯದಕ್ಕೆ ಸಿಎಚ್‌ಆರ್ ಅಂತ ಹೆಸರು, ಇಂಗ್ಲಿಷು ಫ್ರೆಂಚಿಗೆ ಸಾಕು, ನಮ್ಮ ಒತ್ತಕ್ಷರ ಗುಣಿತ ಅದರ ತಲೆಗೆ ಹೋಗುವುದಿಲ್ಲ. ಕನ್ನಡಕ್ಕೆ ಐಸಿಯು ಅನ್ನುವ ಇನ್ನೊಂದು ದಾರಿ ಬೇಕು. ಡೀಫಾಲ್ಟ್ ಡಾಟ್ ಐಡಿಎಕ್ಸ್ ಅನ್ನುವ ಫೈಲಿನಲ್ಲಿ ಸಿಎಚ್‌ಆರ್ ಸಾಲುಗಳನ್ನು ಐಸಿಯು ಸಾಲುಗಳಿಗೆ ಬದಲಾಯಿಸಿ, ಜೀಬ್ರಾವನ್ನು ಮತ್ತೆ ಶುರು ಮಾಡಿ, ಹುಡುಕಲು ಅದು ಇಟ್ಟುಕೊಳ್ಳುವ ಪಟ್ಟಿ, ಅಂದರೆ ಇಂಡೆಕ್ಸ್, ಪೂರ್ತಿ ಹೊಸದಾಗಿ ಕಟ್ಟಿಸಬೇಕು. ಅಷ್ಟೇ. ಒಂಬತ್ತು ಸಾವಿರ ರೆಕಾರ್ಡಿಗೂ ಟೀ ಆರುವಷ್ಟು ಹೊತ್ತು ಹಿಡಿಯಲಿಲ್ಲ. ಆ ಅಮ್ಮನ ಮುಖ ನೋಡಬೇಕಿತ್ತು, ಎರಡು ವರ್ಷದಿಂದ ತನ್ನದೇ ಟೈಪಿಂಗ್ ತಪ್ಪು ಅಂದುಕೊಂಡಿದ್ದರಂತೆ.

ಇನ್ನೊಂದು ಚಿಕ್ಕದು. ಸಿಸ್ಟಂ ಪ್ರಿಫರೆನ್ಸ್‌ನಲ್ಲಿ ಕ್ವೆರಿ ಆಟೋ ಟ್ರಂಕೇಟ್ ಅಂತ ಇದೆ, ಅದನ್ನು ಆನ್ ಮಾಡಿಡಿ. ಇಂಗ್ಲಿಷಿನಲ್ಲಿ ಊರ ಹೆಸರು ಹೇಗೆ ಬಂದರೂ ಒಂದೇ. ನಮ್ಮಲ್ಲಿ ಕೊಡಗು ಅಂತ ಹುಡುಕಿದರೆ ‘ಕೊಡಗಿನ’ ಅಂತ ಶುರುವಾಗುವ ಪುಸ್ತಕ ಬರುವುದಿಲ್ಲ, ವಿಭಕ್ತಿ ಅಡ್ಡ ಬರುತ್ತದೆ. ಅದು ಆನ್ ಇದ್ದರೆ ಸುಮ್ನೆ ‘ಕೊಡಗ’ ಅಂತ ಹೊಡೆದರೆ ಕೊಡಗು, ಕೊಡಗಿನ, ಕೊಡಗರ ಎಲ್ಲಾ ಸಾಲಾಗಿ ಬರುತ್ತವೆ. ಇದನ್ನು ನಾನು ಆರು ವರ್ಷ ಗಮನಿಸಿರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಟೈಪಿಂಗ್ ವಿಷಯ ಬಂತಲ್ಲ. ನಿಮ್ಮ ಸಂಘದಲ್ಲಿ ಯಾರೋ ಹಿಂದೆಯೇ ಪಟ್ಟಿ ಟೈಪ್ ಮಾಡಿದ್ದಾರೆ ಅಂದಿರಿ. ಅದು ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗೇ ಕಾಣುವ ಯೂನಿಕೋಡೋ ಅಥವಾ ಹಳೇ ನುಡಿ, ಬರಹ ಫಾಂಟೋ ನೋಡಿ. ಪರೀಕ್ಷೆ ಸುಲಭ. ಎರಡು ಸಾಲು ಕಾಪಿ ಮಾಡಿ ವಾಟ್ಸ್ಯಾಪ್‌ಗೆ ಹಾಕಿ. ಕನ್ನಡ ಕನ್ನಡವಾಗೇ ಕಂಡರೆ ಸರಿ. ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಸೇರಿ ಕಲಸುಮೇಲೋಗರ ಆಗಿ ಕಂಡರೆ ಮೊದಲು ಯೂನಿಕೋಡಿಗೆ ಪರಿವರ್ತನೆ ಮಾಡಿಸಿ, ಅರ್ಕಾವೊತ್ತು ಇರುವ ಪದಗಳನ್ನು ಕೂತು ಕಣ್ಣಲ್ಲಿ ನೋಡಿ. ಇದನ್ನು ಬಿಟ್ಟು ಮುಂದಕ್ಕೆ ಹೋದರೆ ಆಮೇಲೆ ಅಳುವುದೊಂದೇ ಕೆಲಸ.

ಬೇರೆ ಲೈಬ್ರರಿಯಿಂದ ರೆಕಾರ್ಡ್, ಅಂದರೆ ಪುಸ್ತಕದ ವಿವರ, ಎಳೆದುಕೊಳ್ಳಬಹುದು ಅಂತ ಎಲ್ಲರೂ ಹೇಳುತ್ತಾರೆ. ಝಡ್39.50 ಅಂತ ಒಂದು ವ್ಯವಸ್ಥೆ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದಲೂ ಬರುತ್ತದೆ. ಇಂಗ್ಲಿಷ್ ಪುಸ್ತಕಕ್ಕೆ ಬಲು ಚೆನ್ನಾಗಿದೆ, ಪುಸ್ತಕದ ಗುರುತಿನ ನಂಬರಾದ ಐಎಸ್‌ಬಿಎನ್ ಹಾಕಿದರೆ ಅರ್ಧ ನಿಮಿಷದ ಕೆಲಸ. ಕನ್ನಡ ಪುಸ್ತಕವೂ ಅಲ್ಲಿ ಬೇಕಾದಷ್ಟಿವೆ, ಆದರೆ ರೋಮನ್ ಅಕ್ಷರದಲ್ಲಿ, ಮೇಲೊಂದು ಗೆರೆ ಕೆಳಗೊಂದು ಚುಕ್ಕಿ ಇಟ್ಟು. ನಿಮ್ಮ ಓದುಗರು ಅದನ್ನು ಹುಡುಕುವುದಿಲ್ಲ. ಹಳೇ ಪುಸ್ತಕಕ್ಕೆ ಐಎಸ್‌ಬಿಎನ್ನೇ ಇರುವುದಿಲ್ಲ. ಹಾಗಾಗಿ ಕನ್ನಡದ್ದು ಕೈಯಲ್ಲೇ ಟೈಪ್ ಮಾಡಬೇಕು, ಅಡ್ಡದಾರಿ ಇಲ್ಲ.

ಈಗ ನಮ್ಮ ಊರಿನದೇ ತಲೆನೋವು, ಹೆಸರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಬಗ್ಗೆ ಪುಸ್ತಕ ಇದೆ ಅಂದುಕೊಳ್ಳಿ. ಕಾರ್ಯಪ್ಪ ಅಂತ ಹಾಕುತ್ತೀರಾ, ಕೊಡಂದೇರ ಅಂತಲಾ, ಕೆ. ಎಂ. ಅಂತಲಾ? ಜನರಲ್ ತಿಮ್ಮಯ್ಯನವರೂ ಕೊಡಂದೇರ ಒಕ್ಕದವರೇ, ಒಕ್ಕ ಅಂದರೆ ಕೊಡವರ ಮನೆತನ. ಒಕ್ಕದ ಹೆಸರು ಮೊದಲು ಬರುವುದು ನಮ್ಮ ಪದ್ಧತಿ, ಓದುಗರು ಕೇಳುವುದು ಮಾತ್ರ ಕೊನೆಯ ಹೆಸರು. ಕಥೆಗಾರ್ತಿ ಕೊಡಗಿನ ಗೌರಮ್ಮನವರನ್ನು ನೋಡಿ, 1912ರಲ್ಲಿ ಹುಟ್ಟಿ 1939ರಲ್ಲೇ ತೀರಿಕೊಂಡರು, ಬರೆದದ್ದು ಮಿಸೆಸ್ ಬಿ.ಟಿ.ಜಿ. ಕೃಷ್ಣ ಅನ್ನುವ ಹೆಸರಲ್ಲಿ. ಒಂದು ಪ್ರತಿ ಗೌರಮ್ಮ ಅಂತ, ಇನ್ನೊಂದು ಕೃಷ್ಣ ಅಂತ ಕೂತರೆ ಇಬ್ಬರು ಲೇಖಕಿಯರು ಆಗಿಬಿಡುತ್ತಾರೆ. ಇದಕ್ಕೆ ಕೋಹಾದಲ್ಲಿ ಅಥಾರಿಟಿ ಅಂತ ಇದೆ. ಒಂದು ಹೆಸರು ಮುಖ್ಯ ಅಂತ ಗೊತ್ತು ಮಾಡಿ, ಉಳಿದವನ್ನು ಅದಕ್ಕೆ ಕಟ್ಟಿಹಾಕಿ. ಯಾವುದನ್ನು ಮುಖ್ಯ ಮಾಡುತ್ತೀರಿ ಅನ್ನುವುದಕ್ಕಿಂತ ಎಲ್ಲ ಕಡೆ ಒಂದೇ ಮಾಡುವುದು ಮುಖ್ಯ. ನಾನು ಒಕ್ಕದ ಹೆಸರೇ ಮೊದಲು ಇಡುತ್ತೇನೆ, ಸಮ್ಮೇಳನದಲ್ಲಿ ಒಬ್ಬರು ಇದಕ್ಕೆ ಜಗಳಕ್ಕೇ ಬಂದರು, ಬರಲಿ.

ಕೊಡವ ತಕ್ಕ್ ಪುಸ್ತಕಕ್ಕೆ ಭಾಷೆಯ ಕೋಡ್ ಏನು ಅಂತ ವೇದಿಕೆಯ ಮೇಲಿದ್ದವರನ್ನೇ ಕೇಳಿದೆ. ಕನ್ನಡ ಅಂತಲೇ ಹಾಕಿಬಿಡಿ ಅಂದರು! ಬೇಡ. ಮಾರ್ಕ್ ಅಂದರೆ ಲೈಬ್ರರಿಗಳು ಪುಸ್ತಕದ ವಿವರ ಬರೆದಿಡುವ ನಮೂನೆ. ಅದರ ಭಾಷೆಗಳ ಪಟ್ಟಿಯಲ್ಲಿ ಕೊಡವ ಭಾಷೆಗೆ ಸ್ವಂತ ಕೋಡ್ ಇಲ್ಲ, ಇತರ ದ್ರಾವಿಡ ಭಾಷೆ ಅಂತ ತುಳು ಜೊತೆ ಡಿಆರ್‌ಎ ಗುಂಪಿಗೆ ಸೇರಿಸಿದ್ದಾರೆ. ಆದರೆ ಐಎಸ್‌ಒ 639-3 ಅನ್ನುವ ಇನ್ನೊಂದು ಭಾಷಾ ಕೋಡ್ ಪಟ್ಟಿಯಲ್ಲಿ ಕೆಎಫ್‌ಎ ಅಂತ ನಮ್ಮದೇ ಕೋಡ್ ಇದೆ. ಮಾರ್ಕ್ ನಮೂನೆಯಲ್ಲಿ ಭಾಷೆ ಬರೆಯುವ 041ನೇ ಫೀಲ್ಡಿನಲ್ಲಿ ಎರಡನೇ ಇಂಡಿಕೇಟರ್ (ಫೀಲ್ಡಿನ ಶುರುವಿನ ಗುರುತಿನ ಅಂಕಿ) 7 ಕೊಟ್ಟು, ಯಾವ ಪಟ್ಟಿಯ ಕೋಡ್ ಅಂತ ನಮೂದಿಸಿ ಅದನ್ನೂ ಹಾಕಿ. ನಾಳೆ ಯಾರಾದರೂ ಕೊಡವ ತಕ್ಕ್ ಪುಸ್ತಕ ಎಷ್ಟಿದೆ ಅಂತ ಕೇಳಿದರೆ ಒಂದೇ ರಿಪೋರ್ಟಿನಲ್ಲಿ ತೆಗೆಯಬಹುದು.

ವಿಷಯಕ್ಕೆ ತಕ್ಕಂತೆ ಪುಸ್ತಕಕ್ಕೆ ನಂಬರ್ ಕೊಡುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಡ್ಯೂಯಿ ಪದ್ಧತಿಯಲ್ಲಿ ಕಾಫಿ ಬೆಳೆ 633.73, ಜೇನು ಸಾಕಣೆ 638.1, ಈ ಕಪಾಟು ನಿಮ್ಮಲ್ಲಿ ಚೆನ್ನಾಗಿ ಕೂರುತ್ತದೆ. ಕನ್ನಡ ಸಾಹಿತ್ಯ ಪೂರ್ತಿ 894.814ರ ಕೆಳಗೆ ಬರುವುದರಿಂದ ಸಾವಿರ ಪುಸ್ತಕಕ್ಕೆ ಹೆಚ್ಚುಕಡಿಮೆ ಒಂದೇ ನಂಬರು. ಅಲ್ಲಿ ಕಾದಂಬರಿಗೆ ಒಂದು ಬಣ್ಣದ ಚೀಟಿ, ಕಥೆಗೆ ಒಂದು, ಕವನಕ್ಕೆ ಒಂದು ಅಂಟಿಸಿ ಲೇಖಕರ ಅಕಾರಾದಿಯಲ್ಲಿ ಇಟ್ಟರೆ ಸಾಕು.

ಕಂಪ್ಯೂಟರ್ ಭಾರೀ ಏನೂ ಬೇಡ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಹಳೇ ಮಷೀನು ನಿಮ್ಮ 1,800 ಪುಸ್ತಕಕ್ಕೆ ಧಾರಾಳ. ಡೆಬಿಯನ್ ಅಥವಾ ಉಬುಂಟು ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿ, ಅದರ ಮೇಲೆ ಕೋಹಾ. ಇಂಟರ್ನೆಟ್ ಇಲ್ಲದಿದ್ದರೂ ಕಟ್ಟಡದ ಒಳಗೆ ನಡೆಯುತ್ತದೆ, ಇದು ನಮಗೆ ದೊಡ್ಡ ಅನುಕೂಲ, ಜುಲೈನಲ್ಲಿ ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳುವವರಿಲ್ಲ. ಬೆಂಗಳೂರಿನವರು ಎಲ್ಲರೂ ಕ್ಲೌಡ್ ಕ್ಲೌಡ್ ಅನ್ನುತ್ತಿದ್ದರು, ನಮ್ಮಲ್ಲಿ ಮೋಡಕ್ಕೇನು ಕಮ್ಮಿ ಅಂದೆ, ನಕ್ಕರು. ಕರೆಂಟೇ ಇಲ್ಲದ ದಿನಕ್ಕೆ ಒಂದು ನೋಟ್‌ಬುಕ್ ಇಡಿ, ಕರೆಂಟ್ ಬಂದ ಮೇಲೆ ಅದರಿಂದ ಎಂಟ್ರಿ ಮಾಡಿ. ಬಾರ್‌ಕೋಡ್ ಚೀಟಿಯ ಮೇಲೆ ಅಗಲದ ಟೇಪ್ ಹಾಕಲೇಬೇಕು, ಇಲ್ಲದಿದ್ದರೆ ಮೊದಲ ಮಳೆಗಾಲಕ್ಕೇ ಸುರುಳಿ ಸುತ್ತಿ ಎದ್ದುಬರುತ್ತದೆ. ಕಪಾಟು ಗೋಡೆಯಿಂದ ಒಂದು ಗೇಣು ಈಚೆ ಇರಲಿ.

ಬ್ಯಾಕಪ್ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕೋಹಾ ದಿನಾ ತಾನಾಗೇ ಬ್ಯಾಕಪ್ ತೆಗೆಯುತ್ತದೆ, ಸರಿ. ಆದರೆ ಇಡುವುದು ಅದೇ ಡಿಸ್ಕಿನಲ್ಲಿ, ಅದೂ ಕಳೆದ ಎರಡು ದಿನದ್ದು ಮಾತ್ರ. ನನಗೆ ಇದು ಗೊತ್ತಿತ್ತು, ಪೆನ್‌ಡ್ರೈವಿಗೆ ಹಾಕುವುದು ನಾಳೆ ನಾಳೆ ಅಂತ ಹೋಯಿತು. ಒಂದು ಏಪ್ರಿಲ್ ಸಂಜೆ ಸಿಡಿಲಿಗೆ ಮಷೀನೇ ಹೋಯಿತು. ನಾಲ್ಕು ತಿಂಗಳ ಎಂಟ್ರಿ, 600ಕ್ಕೂ ಜಾಸ್ತಿ ಪುಸ್ತಕ, ಮತ್ತೆ ಮೊದಲಿಂದ. ತಪ್ಪು ನನ್ನದೇ. ಈಗ ಶನಿವಾರ ಬಾಗಿಲು ಹಾಕುವ ಮುಂಚೆ ಎರಡು ಪೆನ್‌ಡ್ರೈವ್, ಒಂದು ಮನೆಗೆ ಬರುತ್ತದೆ.

ಹಾಗಾದರೆ ಆ 45,000 ಕೊಡಬೇಕಾ? ಕೊಡಲೇಬಾರದು ಅನ್ನುವುದಿಲ್ಲ. ಕೋಹಾ ಹಾಕಿಕೊಟ್ಟು ದುಡ್ಡು ತಗೊಳ್ಳುವುದು ತಪ್ಪೂ ಅಲ್ಲ, ದುಡಿಮೆಗೆ ಕೂಲಿ ಅಷ್ಟೇ. ಆದರೆ ಅವರನ್ನು ಕೂರಿಸಿ ಮೂರು ಪ್ರಶ್ನೆ ಕೇಳಿ. ಬಿಟ್ಟು ಹೋಗಬೇಕಾದಾಗ ನಮ್ಮ ರೆಕಾರ್ಡ್‌ಗಳನ್ನು ಮಾರ್ಕ್ ಫೈಲಾಗಿ ಕೊಡುತ್ತೀರಾ? ಒತ್ತಕ್ಷರ ಇರುವ ಹೆಸರನ್ನು ಈಗಲೇ ನನ್ನೆದುರು ಹುಡುಕಿ ತೋರಿಸುತ್ತೀರಾ? ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ ಇರುತ್ತದೆ? ಮೊದಲ ಪ್ರಶ್ನೆಗೇ ಮಾತು ಬೇರೆ ಕಡೆ ತಿರುಗಿದರೆ ಕಾಫಿ ಕೊಟ್ಟು ಕಳಿಸಿ.

ನೀವೇ ಮಾಡುವುದಾದರೆ ಸಾಫ್ಟ್‌ವೇರ್ ಮುಟ್ಟುವ ಮೊದಲು ಪುಸ್ತಕ ಮುಟ್ಟಿ. ಗೆದ್ದಲು ತಿಂದದ್ದು, ಬೂಷ್ಟು ಹತ್ತಿ ಓದಲಾಗದ್ದು, 1990ರ ದಶಕದ ಟ್ಯಾಕ್ಸ್ ಕೈಪಿಡಿ, ಎಲ್ಲಾ ತೆಗೆದರೆ 1,800 ಹೋಗಿ 1,300ಕ್ಕೆ ಇಳಿಯಬಹುದು. ಉಳಿದದ್ದನ್ನು ಎಕ್ಸೆಲ್ ಶೀಟಿನಲ್ಲಿ ತುಂಬಿ. ಹೆಸರು, ಲೇಖಕ, ಪ್ರಕಾಶಕ, ಇಸವಿ, ಪುಟ, ಬೆಲೆ, ಬಾರ್‌ಕೋಡ್ ನಂಬರು ಸಾಕು. ಮಾರ್ಕ್‌ಎಡಿಟ್ ಅಂತ ಇನ್ನೊಂದು ಪುಕ್ಕಟೆ ಸಾಫ್ಟ್‌ವೇರ್ ಇದೆ, ಅದು ಶೀಟನ್ನು ಮಾರ್ಕ್ ಫೈಲ್ ಮಾಡಿಕೊಡುತ್ತದೆ, ಬಾರ್‌ಕೋಡು ಬೆಲೆ ಎಲ್ಲ ಪ್ರತಿಯ ವಿವರ ಇರುವ 952ನೇ ಫೀಲ್ಡಿಗೆ ಹೋಗಬೇಕು, ಆಮೇಲೆ ಒಟ್ಟಿಗೆ ಕೋಹಾಕ್ಕೆ ಏರಿಸಬಹುದು. ಆದರೆ ಮೊದಲು ಬರೀ 50 ಏರಿಸಿ ನೋಡಿ. ನಾನು ಒಂದೇ ಸಲ ಎರಡು ಸಾವಿರ ಏರಿಸಿ ಎಲ್ಲಾ ಪುಸ್ತಕದ ಬೆಲೆಯ ಜಾಗದಲ್ಲಿ ಪುಟ ಸಂಖ್ಯೆ ಕೂರಿಸಿದ್ದೆ.

ಅಣ್ಣ, ರೋಬಸ್ಟಾ ಕುಯ್ಲು ಮುಗಿದು ನೀವು ಹೂಮಳೆ ಕಾಯುತ್ತಾ ಕೂರುವ ಹೊತ್ತಿಗೆ ಒಂದು ಭಾನುವಾರ ಬರುತ್ತೇನೆ. ಅಷ್ಟರಲ್ಲಿ ಆ ಹಳೇ ಪಟ್ಟಿಯ ಎರಡು ಸಾಲು ಇಲ್ಲೇ ಕೆಳಗೆ ಪೇಸ್ಟ್ ಮಾಡಿ, ಯೂನಿಕೋಡ್ ಹೌದೋ ಅಲ್ಲವೋ ಎಲ್ಲರಿಗೂ ಈಗಲೇ ಗೊತ್ತಾಗಲಿ.