ಓದುಗರ ಪ್ರಶ್ನೆ: ‘ಕುರುಕ್ಷೇತ್ರ’ ಮತ್ತೆ ಏರಿತು, ಕಿವಿ ಯಾಕೋ ತುಂಬಲಿಲ್ಲ

ಗುಬ್ಬಿ ಕಂಪನಿ 1934ರಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ಆಡಿದ ‘ಕುರುಕ್ಷೇತ್ರ’ದ ಹೆಸರು ತುಮಕೂರು, ಮಂಡ್ಯ, ರಾಮನಗರ, ಕೋಲಾರದ ಕಡೆ ಇನ್ನೂ ಹಳತಾಗಿಲ್ಲ. ಜಾತ್ರೆ, ಹಬ್ಬಕ್ಕೆ ಊರವರೇ ಬಣ್ಣ ಹಚ್ಚಿ ಬೆಳಗಿನವರೆಗೆ ಆಡುವುದು ಒಂದು ಬಗೆ. ಪಟ್ಟಣದ ತಂಡಗಳು ಅದನ್ನೇ ಎರಡೂವರೆ ಗಂಟೆಗೆ ಇಳಿಸಿ ರಂಗಮಂದಿರದಲ್ಲಿ ಆಡುವುದು ಇನ್ನೊಂದು ಬಗೆ. ಎರಡನ್ನೂ ನೋಡಿದವರು, ಆಡಲು ಹೊರಟವರು ಪತ್ರ ಬರೆದಿದ್ದಾರೆ. ಹೆಚ್ಚಿನವರ ಗೊಣಗು ಒಂದೇ: ‘ಹಳೇ ಮಜಾ ಇಲ್ಲ.’ ಮಜಾ ಸೋರಿದ ಜಾಗ ಹುಡುಕಿದರೆ ಸಿಗುವುದು ಶ್ರುತಿ, ಮೈಕು, ಕತ್ತರಿ. ಮೂರೂ ರಿಪೇರಿಯಾಗುವಂಥವೇ.

ಪ್ರಶ್ನೆ: ಕೃಷ್ಣನ ಕಂಠ ಚೆನ್ನಾಗಿತ್ತು, ದ್ರೌಪದಿಯ ಕಂಠ ಇನ್ನೂ ಚೆನ್ನಾಗಿತ್ತು. ಆದರೆ ಇಬ್ಬರೂ ಒಂದೇ ದೃಶ್ಯದಲ್ಲಿ ಹಾಡಿದಾಗ, ಅದರಲ್ಲೂ ದ್ರೌಪದಿಯ ಸರದಿ ಬಂದಾಗ, ಏನೋ ಕಹಿ. ಯಾರು ಅಪಶ್ರುತಿ ಹಾಡಿದರು? (ತುರುವೇಕೆರೆ)

ಉತ್ತರ: ಇಬ್ಬರೂ ಅಲ್ಲ. ಅಪಶ್ರುತಿ ನುಡಿದದ್ದು ತಬಲಾ ಇರಬೇಕು.

ಇಂದಿನ ಗಂಡಸರು ಸಾಮಾನ್ಯವಾಗಿ ಕರಿ 1ರಲ್ಲಿ, ಎಂದರೆ ಹಾರ್ಮೋನಿಯಂನ ಮೊದಲ ಕರಿ ಮನೆಯಾದ ಸಿ ಶಾರ್ಪ್‌ನಲ್ಲಿ, ಹಾಡುತ್ತಾರೆ. ಹೆಂಗಸರಿಗೆ ಕರಿ 4, ಅಂದರೆ ಜಿ ಶಾರ್ಪ್, ಹಿತ. ಹಾರ್ಮೋನಿಯಂ ಮೇಷ್ಟ್ರಿಗೆ ಇದು ಕಷ್ಟವಲ್ಲ, ಬೆರಳು ಸರಿಸಿ ಷಡ್ಜವನ್ನು, ಅಂದರೆ ಹಾಡಿನ ಆಧಾರ ಸ್ವರ ‘ಸ’ವನ್ನು, ಬದಲಿಸುತ್ತಾರೆ. ತಬಲಾ ಮಾತ್ರ ಬದಲಾಗದೆ ಕರಿ 1ರಲ್ಲೇ ಉಳಿಯುತ್ತದೆ. ಕೃಷ್ಣನಿಗೆ ಅದು ಷಡ್ಜ. ದ್ರೌಪದಿ ಕರಿ 4ಕ್ಕೆ ಹೋದ ಕೂಡಲೇ ಅದೇ ನಾದ ಅವಳಿಗೆ ಶುದ್ಧ ಮಧ್ಯಮ, ಅಂದರೆ ‘ಮ’. ಹಾಡು ಮೋಹನದಲ್ಲಿದ್ದರೆ ಆ ರಾಗದಲ್ಲಿ ಮಧ್ಯಮವೇ ಇಲ್ಲ. ಕಲ್ಯಾಣಿಯಲ್ಲಿದ್ದರೆ ಅಲ್ಲಿರುವುದು ಅದಕ್ಕಿಂತ ಒಂದು ಮನೆ ಮೇಲಿನ ಪ್ರತಿ ಮಧ್ಯಮ. ರಾಗದಲ್ಲಿಲ್ಲದ ಸ್ವರವೊಂದು ಪ್ರತಿ ‘ನಾ’ ಪೆಟ್ಟಿಗೂ ಟಣ್ ಟಣ್ ಎನ್ನುತ್ತಿದ್ದರೆ ಕಹಿಯಾಗದೆ ಇನ್ನೇನು?

ಉಪಾಯ ಸುಲಭ. ಇಂಥ ದೃಶ್ಯಕ್ಕೆ ತಬಲಾವನ್ನು ಕರಿ 1ಕ್ಕಿಂತ ಕೆಳಗಿನ ಕರಿ 4ಕ್ಕೆ ಕೂರಿಸಿ. ದ್ರೌಪದಿಗೆ ಅದು ಷಡ್ಜ, ಕರಿ 1ರ ಕೃಷ್ಣನಿಗೆ ಪಂಚಮ. ಇಬ್ಬರಿಗೂ ಹೊಂದುತ್ತದೆ. ಇದಕ್ಕೆ ಬಾಯಿ ಆರಿಂಚಿನ ಆಸುಪಾಸಿನ ತಬಲಾ ಬೇಕು. ಕರಿ 1ರ ಚಿಕ್ಕ ಬಾಯಿಯದನ್ನು ಅಷ್ಟು ಕೆಳಕ್ಕೆ ಇಳಿಸಿದರೆ ಚರ್ಮ ಸಡಿಲಾಗಿ ನಾದ ಸಾಯುತ್ತದೆ. ಅದಕ್ಕೇ ಎರಡು ತಬಲಾ ಇಟ್ಟುಕೊಳ್ಳಬೇಕು. ದೃಶ್ಯದ ನಡುವೆ ಸುತ್ತಿಗೆಯಿಂದ ಗಟ್ಟಾ (ತಬಲಾ ಬದಿಯ ಮರದ ತುಂಡು) ಹೊಡೆಯುತ್ತ ಐದು ಮನೆ ಇಳಿಸುತ್ತೇನೆ ಎನ್ನುವವರನ್ನು ನಂಬಬೇಡಿ. ಒಂದು ಎಚ್ಚರಿಕೆ: ಕೃಷ್ಣನ ಹಾಡು ಹಿಂದೋಳದಲ್ಲಿದ್ದರೆ ಅದರಲ್ಲಿ ಪಂಚಮವಿಲ್ಲ, ಆಗ ಈ ಉಪಾಯವೇ ತಿರುಗಿ ಬೀಳುತ್ತದೆ. ಆ ಹಾಡಿಗೆ ಕರಿ 1ರ ತಬಲಾ ಎತ್ತಿಕೊಳ್ಳಬೇಕು.

ಹಳ್ಳಿಯ ಪ್ರಯೋಗದಲ್ಲಿ ಈ ತೊಂದರೆ ಹೆಚ್ಚಾಗಲು ಇನ್ನೊಂದು ಕಾರಣವುಂಟು. ಊರವರು ಮೂರರಿಂದ ಆರು ತಿಂಗಳು ತಾಲೀಮು ಮಾಡಿರುತ್ತಾರೆ. ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಕರೆಸುವ ವೃತ್ತಿ ಕಲಾವಿದೆಯರು ಬಂದಿಳಿಯುವುದು ನಾಟಕದ ದಿನ ಸಂಜೆ. ಅವರಿಗೆ ನಾಟಕ ಬಾಯಿಪಾಠ, ಅದರಲ್ಲಿ ಸಂಶಯವಿಲ್ಲ. ಆದರೆ ನಿಮ್ಮ ಮೇಷ್ಟ್ರು ಕಲಿಸಿದ ಮಟ್ಟು (ಧಾಟಿ) ಅವರಿಗೆ ಬರುವ ಮಟ್ಟೇ ಆಗಿರಬೇಕೆಂದೇನೂ ಇಲ್ಲ. ಹದಿನೈದು ದಿನ ಮುಂಚೆ ಫೋನಿನಲ್ಲಿ ಅವರ ಶ್ರುತಿ ಕೇಳಿ, ಜೋಡಿ ಹಾಡುಗಳನ್ನು ಹಾಡಿಸಿ ರೆಕಾರ್ಡ್ ಮಾಡಿ ಕಳಿಸಿ, ಮೇಷ್ಟ್ರ ಪ್ರತಿಯ ಅಂಚಿನಲ್ಲಿ ಹಾಡು ಹಾಡಿಗೂ ಶ್ರುತಿ ಬರೆಸಿ. ಖರ್ಚಿಲ್ಲದ ಕೆಲಸ. ಯಾರೂ ಮಾಡುವುದಿಲ್ಲ.

ಪ್ರಶ್ನೆ: ಹಾರ್ಮೋನಿಯಂ ಜೊತೆ ಕೀಬೋರ್ಡ್ ಸೇರಿಸಿದ್ದರು. ಎರಡೂ ಒಂದೇ ಶ್ರುತಿ ಎಂದರೂ ನಾದ ಅಲುಗಾಡುತ್ತಿತ್ತು. (ಮದ್ದೂರು)

ಉತ್ತರ: ಕೀಬೋರ್ಡ್ ಕಾರ್ಖಾನೆಯಿಂದ ಬರುವಾಗ ‘ಎ’ ಸ್ವರ 440 ಹರ್ಟ್ಸ್‌ನಲ್ಲಿರುತ್ತದೆ. ಹಳೇ ಪೆಟ್ಟಿಗೆ, ಅಂದರೆ ಹಾರ್ಮೋನಿಯಂ, ಅಲ್ಲೇ ಇರಬೇಕೆಂದಿಲ್ಲ. ಎರಡರಲ್ಲೂ ಅದೇ ಮನೆ ಒತ್ತಿ ಹಿಡಿದು ಕೇಳಿ. ನಾದ ‘ವಾಂವ್ ವಾಂವ್’ ಎಂದು ಅಲೆಯಾಡುತ್ತದೆ. ಸೆಕೆಂಡಿಗೆ ನಾಲ್ಕು ಅಲೆ ಎಣಿಸಿದರೆ ವ್ಯತ್ಯಾಸ ನಾಲ್ಕು ಹರ್ಟ್ಸ್. ರೀಡು (ನಾದ ಹೊರಡಿಸುವ ಹಿತ್ತಾಳೆಯ ನಾಲಿಗೆ) ಕೆರೆದು ಪೆಟ್ಟಿಗೆಯನ್ನು ಅಂದೇ ರಾತ್ರಿ ಸರಿಮಾಡಲಾಗದು. ಕೀಬೋರ್ಡಿನ ಟ್ಯೂನಿಂಗ್ ಮೆನುವಿಗೆ ಹೋಗಿ 436ಕ್ಕೋ 444ಕ್ಕೋ ಸರಿಸುತ್ತ ಅಲೆ ನಿಂತ ಕಡೆ ಬಿಡಿ. ಬಗ್ಗಬೇಕಾದದ್ದು ಕೀಬೋರ್ಡ್. ಅದಕ್ಕಿಂತ ಉತ್ತಮ: ಅದನ್ನು ಶಂಖ, ಗುಡುಗು, ಯುದ್ಧದ ಸದ್ದಿಗೆ ಮೀಸಲಿಟ್ಟು ಹಾಡು ನಡೆಯುವಾಗ ಕೈ ಕಟ್ಟಿಸಿ.

ಪ್ರಶ್ನೆ: ಒಂದೇ ನಾಟಕದಲ್ಲಿ ಮೂವರು ಕೃಷ್ಣರು, ಇಬ್ಬರು ದುರ್ಯೋಧನರು! ಮಕ್ಕಳು ‘ಇವರು ಯಾರು?’ ಎಂದು ಕೇಳುತ್ತಲೇ ಇದ್ದರು. ಇದು ನಾಟಕಕ್ಕೆ ಮಾಡುವ ಅವಮಾನವಲ್ಲವೇ? (ಕುಣಿಗಲ್)

ಉತ್ತರ: ಅವಮಾನ ಎನ್ನುವ ಮೊದಲು ಲೆಕ್ಕ ನೋಡಿ. ಸೀನರಿ, ಮೈಕು, ಮೇಷ್ಟ್ರ ಗೌರವಧನ, ಸ್ತ್ರೀ ಪಾತ್ರಗಳ ಸಂಭಾವನೆ ಎಲ್ಲವೂ ಪಾತ್ರ ಹಾಕುವವರ ಜೇಬಿನಿಂದಲೇ ಬರಬೇಕು. ಕೃಷ್ಣನ ಪಾತ್ರ ಎಲ್ಲಕ್ಕಿಂತ ತುಟ್ಟಿ, ಹಾಡೂ ಅವನಿಗೇ ಹೆಚ್ಚು. ರಾತ್ರಿ ಒಂಬತ್ತಕ್ಕೆ ಶುರುವಾದದ್ದು ಬೆಳಗಿನ ಜಾವ ಸಂಧಾನಕ್ಕೆ ಬರುವಷ್ಟರಲ್ಲಿ ಹವ್ಯಾಸಿ ಕಂಠ ಒಡೆದಿರುತ್ತದೆ. ಹಂಚಿಕೊಂಡದ್ದು ಜಾಣತನವೇ. ಹಂಚಿದ ರೀತಿ ಕೆಟ್ಟಿದ್ದರೆ ಅದು ಬೇರೆ ಮಾತು.

ಬದಲಾವಣೆ ಪರದೆ ಬಿದ್ದಾಗಲೇ ಆಗಬೇಕು, ಒಂದು ದೃಶ್ಯದೊಳಗೆ ಎಂದೂ ಕೂಡದು. ಶಯನಗೃಹದವರೆಗೆ ಒಬ್ಬ, ಸಂಧಾನಕ್ಕೆ ಇನ್ನೊಬ್ಬ, ಯುದ್ಧರಂಗಕ್ಕೆ ಮತ್ತೊಬ್ಬ: ಈ ಹಂಚಿಕೆ ಪ್ರೇಕ್ಷಕರಿಗೆ ಹಿಡಿಯುತ್ತದೆ. ಉಡುಪು ಬಾಡಿಗೆಗೆ ತರುವಾಗ ಮೂವರಿಗೂ ಒಂದೇ ಹಳದಿಯ ಪೀತಾಂಬರ, ಒಂದೇ ಅಳತೆಯ ಕಿರೀಟ, ನವಿಲುಗರಿ ಒಂದೇ ಬದಿಗೆ. ಮುಖಕ್ಕೆ ಒಬ್ಬನಿಗೆ ಗಾಢ ನೀಲಿ, ಇನ್ನೊಬ್ಬನಿಗೆ ತಿಳಿ ನೀಲಿ ಬಳಿದದ್ದೇ ಆ ಮಕ್ಕಳ ಗೊಂದಲದ ಮೂಲ ಇರಬಹುದು. ಬಣ್ಣವನ್ನು ಒಂದೇ ಬಟ್ಟಲಲ್ಲಿ ಕಲೆಸಿ ಮೂವರಿಗೂ ಹಚ್ಚಿಸಿ. ಹೊಸ ಕೃಷ್ಣ ಬಂದ ಕೂಡಲೇ ಮಾತಾಡದೆ ಹಾಡಿನಿಂದಲೇ ಪ್ರವೇಶ ಮಾಡಲಿ, ಹಾಡು ಮುಗಿಯುವಷ್ಟರಲ್ಲಿ ಸಭೆ ಅವನನ್ನು ಒಪ್ಪಿರುತ್ತದೆ. ಹಾಡಿನ ನಡುವೆ ನೆಂಟರು ಹತ್ತಿ ನೋಟಿನ ಹಾರ ಹಾಕುವುದನ್ನೂ ಪರದೆ ಬಿದ್ದ ಮೇಲಕ್ಕೆ ತಳ್ಳಿದರೆ ನಾಟಕ ಉಳಿಯುತ್ತದೆ. ಇದಕ್ಕೆ ಊರಿನಲ್ಲಿ ಯಾರು ಒಪ್ಪುತ್ತಾರೆ ಎಂಬುದು ನಮ್ಮ ಅಂಕಣದ ವ್ಯಾಪ್ತಿಗೆ ಮೀರಿದ್ದು.

ಪ್ರಶ್ನೆ: ರಂಗಮಂದಿರದ ಪ್ರಯೋಗದಲ್ಲಿ ಅರ್ಧಕ್ಕರ್ಧ ಹಾಡು ಹಾರಿಸಿ, ಕಂದಪದ್ಯಗಳನ್ನು ಮಾತಿನಂತೆ ಒದರಿದರು. ಸಮಯವಿಲ್ಲ ಎನ್ನುತ್ತಾರೆ. ಕತ್ತರಿಸಲು ಬೇರೆ ದಾರಿಯೇ ಇಲ್ಲವೇ? (ತುಮಕೂರು)

ಉತ್ತರ: ಇದೆ. ಇಡೀ ಹಾಡು ಕತ್ತರಿಸುವುದು ಸುಲಭ, ಅದಕ್ಕೇ ಎಲ್ಲರೂ ಅದನ್ನೇ ಮಾಡುತ್ತಾರೆ.

ಲೆಕ್ಕ ಹೀಗಿಡಿ. ಪಲ್ಲವಿಯನ್ನು ನಾಲ್ಕು ಸಲ ತಿರುಗಿಸಿ, ಎರಡು ಚರಣ ಹಾಡಿ, ಕೊನೆಗೆ ಆಲಾಪ ಬಿಟ್ಟರೆ ಒಂದು ಹಾಡಿಗೆ ಆರೇಳು ನಿಮಿಷ ಹೋಗುತ್ತದೆ. ಪಲ್ಲವಿ ಎರಡು ಸಲ, ಒಂದೇ ಚರಣ, ಮತ್ತೆ ಪಲ್ಲವಿ ಮುಟ್ಟಿ ಮಾತಿಗೆ ಇಳಿದರೆ ಎರಡೂವರೆ ನಿಮಿಷ. ಮೂವತ್ತು ಹಾಡು ಉಳಿಸಿಕೊಂಡರೂ 75 ನಿಮಿಷ. 150 ನಿಮಿಷದ ನಾಟಕದಲ್ಲಿ ಅರ್ಧ. ಕಂಪನಿ ನಾಟಕ ಎಂದರೆ ಅರ್ಧ ಹಾಡು ಇರಲೇಬೇಕು. ಮೊದಲು ಕಡಿಮೆ ಮಾಡಬೇಕಾದದ್ದು ಪಲ್ಲವಿಯ ಮರುಕಳಿಕೆ. ಆಮೇಲೆ ಒಂದೇ ಭಾವವನ್ನು ಎರಡನೇ ಸಲ ಹೇಳುವ ಚರಣ. ಆಮೇಲೆ, ಹಾಡು ಹೇಳಿದ್ದನ್ನೇ ಮತ್ತೆ ಹೇಳುವ ಮಾತು. ಕೊನೆಯದು ನಟರಿಗೆ ನೋವು, ಪ್ರೇಕ್ಷಕರಿಗೆ ಲಾಭ.

ಇಬ್ಬರು ಸರದಿಯಲ್ಲಿ ಹಾಡುವ ಸಂವಾದದ ಹಾಡನ್ನು ಮುಟ್ಟಬೇಡಿ. ಅಲ್ಲಿ ಕಥೆ ನಡೆಯುವುದೇ ಹಾಡಿನೊಳಗೆ. ಒಂದು ಸಾಲು ತೆಗೆದರೂ ಎದುರಿನವನ ಉತ್ತರ ತೂಗಾಡುತ್ತದೆ.

ಇನ್ನು ಕಂದ. ಒಂದು ಕಂದಪದ್ಯ ಹಾಡಲು ಒಂದು ನಿಮಿಷ ಸಾಕು, ಅದನ್ನು ಮಾತಾಗಿಸಿ ಉಳಿಸುವ ಸಮಯ ಒಂದು ನಿಮಿಷವೂ ಇಲ್ಲ. ನಷ್ಟ ಮಾತ್ರ ಬಹಳ. ಕಂದದ ನಾಲ್ಕು ಸಾಲುಗಳು 12, 20, 12, 20 ಮಾತ್ರೆ (ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು ಒಂದು ಮಾತ್ರೆ). ಗಿಡ್ಡ ಸಾಲು ಎಳೆದು ನಿಲ್ಲಿಸುತ್ತದೆ, ಉದ್ದ ಸಾಲು ಓಡಿ ಮುಟ್ಟಿಸುತ್ತದೆ. ಕರ್ಣನೋ ದುರ್ಯೋಧನನೋ ಅದನ್ನು ಹಾಡಿದಾಗ ಮೈ ಜುಮ್ಮೆನ್ನುವುದು ಈ ಏರಿಳಿತದಿಂದ. ಕಂದಕ್ಕೆ ತಾಳ ಬೇಡ, ತಬಲಾ ಸುಮ್ಮನಿರಲಿ. ಹಾರ್ಮೋನಿಯಂ ಹಾಡುಗಾರನ ಹಿಂದೆ ಒಂದು ಸ್ವರದಷ್ಟು ದೂರದಲ್ಲಿ ಬರಬೇಕು. ಮುಂದೆ ಹೋದರೆ ಹೊಸಬರು ಅದನ್ನು ಹಿಂಬಾಲಿಸುತ್ತ ಪದವನ್ನು ಅಡ್ಡಕ್ಕೆ ಕಡಿಯುತ್ತಾರೆ. ಉಸಿರು ತೆಗೆದುಕೊಳ್ಳಬೇಕಾದ್ದು ಸಾಲಿನ ಕೊನೆಯಲ್ಲಲ್ಲ, ಪದದ ಕೊನೆಯಲ್ಲಿ. ಕಂದದಲ್ಲಿ ಪದ ಒಂದು ಸಾಲಿನಿಂದ ಇನ್ನೊಂದಕ್ಕೆ ದಾಟುವುದು ಮಾಮೂಲು.

ಹಳಬರು ‘ಎತ್ತುಗಡೆ ಇಲ್ಲ’ ಎನ್ನುವುದೂ ಇಲ್ಲಿಗೇ ಸೇರುತ್ತದೆ. ನಟ ಮಾತು ಮುಗಿಸುತ್ತಾನೆ, ಮೌನ, ಹಾರ್ಮೋನಿಯಂ ಒಂದು ಸುತ್ತು ಬಾರಿಸುತ್ತದೆ, ಆಮೇಲೆ ಹಾಡು. ಅಷ್ಟರಲ್ಲಿ ಕೋಪ ತಣ್ಣಗಾಗಿರುತ್ತದೆ. ಸರಿಯಾದ ಕ್ರಮದಲ್ಲಿ ಮಾತಿನ ಕೊನೆಯ ಪದವೇ ಷಡ್ಜಕ್ಕೋ ಪಂಚಮಕ್ಕೋ ಏರಿರುತ್ತದೆ. ಆ ಪದ ಇನ್ನೂ ಬಾಯಲ್ಲಿರುವಾಗಲೇ ಪೆಟ್ಟಿಗೆ ಶ್ರುತಿ ಹಿಡಿಯುತ್ತದೆ. ಇದಕ್ಕೆ ಮೇಷ್ಟ್ರಿಗೆ ಹಾಡಿನಷ್ಟೇ ಮಾತೂ ಬರಬೇಕು. ಹಾಡಿನ ಹಾಳೆ ಮಾತ್ರ ಎದುರಿಗಿಟ್ಟುಕೊಂಡವರಿಂದ ಇದು ಆಗದು.

ಪ್ರಶ್ನೆ: ತೂಗುಬಿಟ್ಟ ಮೈಕಿನ ಕೆಳಗೇ ಎಲ್ಲರೂ ನಿಂತು ಹಾಡಿದರು, ಕಾಲರ್ ಮೈಕ್ ಯಾಕೆ ಹಾಕುವುದಿಲ್ಲ? (ಚನ್ನಪಟ್ಟಣ)

ಉತ್ತರ: ಪೌರಾಣಿಕ ವೇಷಕ್ಕೆ ಕಾಲರ್ ಮೈಕು ಶತ್ರು. ಎದೆಹಾರ ತಾಗಿದರೆ ಖಣ ಖಣ, ಗದೆ ಎತ್ತಿದರೆ ಗರ ಗರ, ಬೆವರು ಇಳಿದರೆ ಮೌನ. ಹಣೆಯ ಮೇಲೆ, ಕಿರೀಟದ ಅಂಚಿಗೆ ಅಂಟಿಸಿದರೆ ಪರವಾಗಿಲ್ಲ. ಆದರೆ ಹದಿನೈದು ವೇಷಕ್ಕೆ ಹದಿನೈದು ಮೈಕು ಯಾರು ತರುತ್ತಾರೆ?

ತೂಗು ಮೈಕು ಸಾಕು, ಕಟ್ಟುವುದು ಸರಿಯಿರಬೇಕು. ಬಾಯಿಂದ ಮೈಕಿಗೆ ಎಷ್ಟು ದೂರವೋ ಅದರ ಮೂರರಷ್ಟು ದೂರ ಒಂದು ಮೈಕಿನಿಂದ ಇನ್ನೊಂದಕ್ಕೆ ಇರಲಿ. ಎರಡಡಿ ಎತ್ತರದಲ್ಲಿ ತೂಗಿದರೆ ಆರಡಿ ಅಂತರ. 24 ಅಡಿಯ ರಂಗಕ್ಕೆ ಮೂರು ಮೈಕು ಹಿಡಿಸುತ್ತವೆ. ‘ಜಾಸ್ತಿ ಕೇಳಲಿ’ ಎಂದು ಆರು ಕಟ್ಟಿದರೆ ಒಂದೇ ಕಂಠ ಎರಡೆರಡು ಮೈಕಿಗೆ ಹಿಂದೆ ಮುಂದೆ ತಲುಪಿ, ಕೊಡದೊಳಗೆ ಹಾಡಿದಂತೆ ಕೇಳುತ್ತದೆ. ಸ್ಪೀಕರುಗಳು ಮೈಕಿನ ಸಾಲಿಗಿಂತ ಮುಂದೆ, ಸಭೆಯ ಕಡೆ ಮುಖ ಮಾಡಿರಲಿ. ಇಲ್ಲದಿದ್ದರೆ ಭೀಮನಿಗಿಂತ ಮೊದಲು ಮೈಕೇ ಕೂಗುತ್ತದೆ. ಹಾರ್ಮೋನಿಯಂ ಪಕ್ಕದಲ್ಲೇ ಇದ್ದರೆ ಅದಕ್ಕೆ ಬೇರೆ ಮೈಕು ಕೊಡುವ ಮೊದಲು ಇಲ್ಲದೆ ಒಮ್ಮೆ ಕೇಳಿ ನೋಡಿ.

ಪ್ರಶ್ನೆ: ಉತ್ತರೆಯ ಹಾಡಿಗೆ ಸಿನಿಮಾ ಮಟ್ಟು ಹಾಕಿದ್ದರು. ಶಾಸ್ತ್ರೀಯತೆ ಹಾಳಾಯಿತು ಎಂದು ಸಭೆಯಲ್ಲೇ ಜಗಳ. (ಮಾಗಡಿ)

ಉತ್ತರ: ಶುದ್ಧತೆಯ ವಾದ ಇಲ್ಲಿ ನಿಲ್ಲುವುದು ಕಷ್ಟ. ಕಂಪನಿಗಳೇ ಪಾರ್ಸಿ ರಂಗಭೂಮಿಯ, ಮರಾಠಿ ನಾಟ್ಯಗೀತೆಯ ಮಟ್ಟುಗಳನ್ನು ಧಾರಾಳವಾಗಿ ಎತ್ತಿಕೊಂಡವು. ಹಳೇ ಹಾಡಿನ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ ಇಂಥದ್ದರ ಮಟ್ಟು ಎಂದು ರಾಜಾರೋಷವಾಗಿ ಅಚ್ಚು ಹಾಕಿರುತ್ತಿದ್ದರು. ಆ ಮರಾಠಿ ಸಂಗೀತ ನಾಟಕವನ್ನು 1880ರಲ್ಲಿ ‘ಶಾಕುಂತಲ’ದಿಂದ ಬೆಳೆಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಸಾಲ ಎರಡೂ ಕಡೆ ಇದೆ.

ಆದರೂ ಮಾಗಡಿಯವರ ಸಿಟ್ಟಿನಲ್ಲಿ ಅರ್ಥವಿದೆ. ಎಲ್ಲರಿಗೂ ಗೊತ್ತಿರುವ ಸಿನಿಮಾ ಮಟ್ಟು ಹಾಕಿದರೆ ಕಿವಿಗೆ ಉತ್ತರೆಯ ಮಾತಿಗಿಂತ ಮೊದಲು ಸಿನಿಮಾದ ಮಾತು ಬರುತ್ತದೆ. ಅಭಿಮನ್ಯುವನ್ನು ಬೀಳ್ಕೊಡುವ ಹೊತ್ತಿನಲ್ಲಿ ಸಭೆ ಬೇರೆ ನಾಯಕಿಯನ್ನು ನೆನೆಸಿಕೊಳ್ಳುತ್ತ ಕುಳಿತಿರುತ್ತದೆ. ಹಾಸ್ಯದ ದೃಶ್ಯದಲ್ಲಿ ಅದೇ ಲಾಭ, ಇಲ್ಲಿ ನಷ್ಟ.

ಪ್ರಶ್ನೆ: ‘ಒನ್ಸ್ ಮೋರ್’ ಕೊಡಬೇಕೇ? (ಮಂಡ್ಯ)

ಉತ್ತರ: ಅಂಕಕ್ಕೆ ಒಂದು. ತೀರ್ಮಾನ ಮೇಷ್ಟ್ರದು, ನಟನದ್ದಲ್ಲ. ಕೊಟ್ಟರೆ ಚರಣದಿಂದ ಎತ್ತಿಕೊಳ್ಳಿ, ಪಲ್ಲವಿಯಿಂದಲ್ಲ. ಕೂಗು ಏಳುವಾಗ ನಟ ನಿಂತ ಭಂಗಿ ಬಿಟ್ಟು ಕೈ ಮುಗಿದರೆ ಪಾತ್ರ ಅಲ್ಲಿಗೆ ಮುಗಿಯಿತು.

ಪ್ರಶ್ನೆ: ಹೊರದೇಶದ ನಮ್ಮ ಕನ್ನಡ ಕೂಟದಲ್ಲಿ ರಾಜ್ಯೋತ್ಸವಕ್ಕೆ ಶಯನಗೃಹದ ದೃಶ್ಯ ಮಾತ್ರ ಆಡುವ ಆಸೆ. ಹಾರ್ಮೋನಿಯಂ ನುಡಿಸುವವರಿಲ್ಲ. ರೆಕಾರ್ಡ್ ಮಾಡಿದ ಟ್ರ್ಯಾಕ್ ನಡೆಯುತ್ತದೆಯೇ?

ಉತ್ತರ: ಟ್ರ್ಯಾಕ್ ಕಾಯುವುದಿಲ್ಲ, ಅದೇ ತೊಂದರೆ. ಅರ್ಜುನ ಕಾಲ ದೆಸೆಯಲ್ಲಿ, ದುರ್ಯೋಧನ ತಲೆ ದೆಸೆಯಲ್ಲಿ, ಕೃಷ್ಣ ಕಣ್ಣು ತೆರೆಯುವ ಕ್ಷಣಕ್ಕೆ ಸಭೆ ನಕ್ಕರೆ ನಟ ನಿಲ್ಲಬೇಕಾಗುತ್ತದೆ, ಟ್ರ್ಯಾಕ್ ನಿಲ್ಲದು. ಹಾಡು ಹಾಡಿಗೂ ಬೇರೆ ಬೇರೆ ಫೈಲ್ ಮಾಡಿಸಿ, ಪ್ರತಿಯೊಂದರ ಮೊದಲಿಗೆ ಹತ್ತು ಸೆಕೆಂಡು ಬರೀ ಶ್ರುತಿ ಇರಲಿ. ನಟ ಆ ಹತ್ತು ಸೆಕೆಂಡಿನೊಳಗೆ ಮಾತು ಮುಗಿಸಿ ಹಾಡಿಗೆ ಏರಬಹುದು. ಗುಂಡಿ ಒತ್ತುವವರು ಲ್ಯಾಪ್‌ಟಾಪ್ ನೋಡದೆ ನಟನ ಬಾಯಿ ನೋಡುವ ಜಾಗದಲ್ಲಿ ಕೂರಲಿ. ಕಂದಪದ್ಯಕ್ಕೆ ಟ್ರ್ಯಾಕ್ ಬೇಡವೇ ಬೇಡ. ಫೋನಿನ ತಂಬೂರಿ ಆ್ಯಪ್ ಕರಿ 1ರಲ್ಲಿ ಹಾಕಿ ಮೈಕಿನ ಹತ್ತಿರ ಇಟ್ಟರೆ ಸಾಕು.

ಪ್ರಶ್ನೆ: ಬಯಲಲ್ಲಿ ಬೆಳಗಿನ ಜಾವ ಹಾರ್ಮೋನಿಯಂನ ಒಂದೆರಡು ಮನೆ ಮೂಕವಾಗುತ್ತವೆ. (ಶಿರಾ)

ಉತ್ತರ: ಮೂಕವಾದರೆ ರೀಡಿನ ನಾಲಿಗೆಗೆ ಧೂಳು ಸಿಕ್ಕಿದೆ. ಒತ್ತಿದ ಮನೆ ಮೇಲೇಳದಿದ್ದರೆ ಇಬ್ಬನಿಯಲ್ಲಿ ಮರ ಉಬ್ಬಿದೆ. ಮೊದಲನೆಯದಕ್ಕೆ ರೀಡಿನ ಹಲಗೆ ಎಳೆದು, ನಾಲಿಗೆಯನ್ನು ಉಗುರಿನ ತುದಿಯಿಂದ ಕೂದಲೆಳೆಯಷ್ಟು ಎತ್ತಿ, ತೆಳ್ಳನೆ ಕಾಗದದ ಚೂರು ಅದರ ಅಡಿ ಒಮ್ಮೆ ಸರಿಸಿ. ಬಾಯಿಂದ ಊದಬೇಡಿ, ಉಸಿರಿನ ತೇವ ಹಿತ್ತಾಳೆಗೆ ಒಳ್ಳೆಯದಲ್ಲ. ಎರಡನೆಯದಕ್ಕೆ ಸ್ಥಳದಲ್ಲಿ ಔಷಧಿಯಿಲ್ಲ. ಹಾಡಿಲ್ಲದ ದೃಶ್ಯದಲ್ಲೆಲ್ಲ ಪೆಟ್ಟಿಗೆಗೆ ಕಂಬಳಿ ಹೊದಿಸಿಡಿ.